ಕಂಪ್ಯೂಟರ್ ಕೊಳ್ಳುವ ಮೊದಲು ಗೋಡೆಯ ಪ್ಲಗ್ ನೋಡಿ

ಪಿಯುಸಿ ಫಲಿತಾಂಶ ಬಂದು ಕಾಲೇಜು ಸೇರುವ ದಿನ ಹತ್ತಿರವಾದಾಗ ತುಮಕೂರು ಜಿಲ್ಲೆಯ ಕೊರಟಗೆರೆ, ಮಧುಗಿರಿ ಕಡೆಯ ಮನೆಗಳಲ್ಲಿ ಒಂದು ಪ್ರಶ್ನೆ ಶುರುವಾಗುತ್ತದೆ: ‘ಹುಡುಗಿಗೆ ಯಾವ ಲ್ಯಾಪ್‌ಟಾಪ್ ಕೊಡಿಸೋದು?’ ಕಡಲೆಕಾಯಿ ಮಾರಿದ ದುಡ್ಡೋ, ಸ್ವಸಹಾಯ ಸಂಘದ ಸಾಲವೋ, ಮೂವತ್ತು ನಲವತ್ತು ಸಾವಿರ ಒಂದೇ ಸಲ ಕೈಬಿಡಬೇಕಾದ ಮನೆಯವರು ಕೇಳುವ ಪ್ರಶ್ನೆ ಅದು. ಸಾಮಾನ್ಯವಾಗಿ ಸಿಗುವ ಉತ್ತರದಲ್ಲಿ ಕಂಪನಿಯ ಹೆಸರು, ರ್‍ಯಾಮ್, ಪ್ರೊಸೆಸರ್ ಇಷ್ಟೇ ಇರುತ್ತವೆ. ನನ್ನನ್ನು ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಬೇರೆ. ಮನೆಗೆ ಅರ್ಥಿಂಗ್ ಇದೆಯೇ? ಟ್ರಾನ್ಸ್‌ಫಾರ್ಮರ್, ಅಂದರೆ ಟಿ.ಸಿ., ಎಷ್ಟು ದೂರದಲ್ಲಿದೆ? ಊರೊಳಗಿನ ಮನೆಯೋ, ತೋಟದ ಮನೆಯೋ? ಸಂಜೆ ಹೊತ್ತು ಟ್ಯೂಬ್‌ಲೈಟ್ ಹತ್ತಲು ತಿಣುಕುತ್ತದೆಯೋ?

ಬೆಂಗಳೂರಿನ ಅಂಗಡಿಯವರು ಕೊಡುವ ಸಲಹೆ ಬೆಂಗಳೂರಿನ ಕರೆಂಟಿಗೆ ಸರಿಯಾದದ್ದು. ನಮ್ಮ ಕಡೆ ಯಂತ್ರದ ಆಯಸ್ಸನ್ನು ನಿರ್ಧರಿಸುವುದು ಯಂತ್ರಕ್ಕಿಂತ ಹೆಚ್ಚಾಗಿ ಅದಕ್ಕೆ ಉಣಿಸುವ ವಿದ್ಯುತ್ತು, ಅದು ಕೂತಿರುವ ನೆಲ, ಅದರ ಮೇಲಿನ ಚಾವಣಿ. ಈ ಮಾತನ್ನು ಯಾವ ಜಾಹೀರಾತೂ ಹೇಳುವುದಿಲ್ಲ, ಹಾಗಾಗಿ ಸ್ವಲ್ಪ ಬಿಡಿಸಿಯೇ ಹೇಳಬೇಕು.

ಮೊದಲು ಅರ್ಥಿಂಗ್. ಡೆಸ್ಕ್‌ಟಾಪ್ ಕಂಪ್ಯೂಟರಿನ ತಗಡಿನ ಡಬ್ಬವನ್ನು ಬರಿಗಾಲಲ್ಲಿ ನಿಂತು ಮುಟ್ಟಿದರೆ ಬೆರಳು ಜುಮ್ಮೆನ್ನುವುದು ಬಹಳ ಜನರ ಅನುಭವ. ‘ಸ್ವಲ್ಪ ಕರೆಂಟ್ ಹೊಡಿಯುತ್ತೆ, ಏನಾಗಲ್ಲ ಬಿಡಿ’ ಎಂದು ಕಾಲಡಿಗೆ ಹಲಗೆಯನ್ನೋ ರಬ್ಬರ್ ಮ್ಯಾಟನ್ನೋ ಹಾಕಿಕೊಂಡು ಕೆಲಸ ಮುಂದುವರಿಸುತ್ತಾರೆ. ಯಂತ್ರ ಕೆಟ್ಟಿದೆ ಎಂದು ಅಂಗಡಿಗೆ ಹೊತ್ತುಕೊಂಡು ಹೋಗುವವರೂ ಇದ್ದಾರೆ. ಬಹುಪಾಲು ಸಲ ಯಂತ್ರ ಕೆಟ್ಟಿರುವುದಿಲ್ಲ. ಕಂಪ್ಯೂಟರಿಗೆ ವಿದ್ಯುತ್ತು ಉಣಿಸುವ ಎಸ್‌ಎಂಪಿಎಸ್ ಒಳಗೆ, ಹೊರಗಿನ ವಿದ್ಯುತ್ ಗದ್ದಲವನ್ನು ಸೋಸಲು, ಫೇಸಿನಿಂದ ಒಂದು ಮತ್ತು ನ್ಯೂಟ್ರಲಿನಿಂದ ಒಂದು ಪುಟ್ಟ ಕೆಪಾಸಿಟರ್ ಹೊರಟು ಎರಡೂ ತಗಡಿನ ಡಬ್ಬಕ್ಕೆ ಸೇರಿರುತ್ತವೆ. ಡಬ್ಬ ಅರ್ಥಿಗೆ ಸೇರಿದ್ದರೆ ಅಲ್ಲಿ ಸೋರುವ ಚೂರು ವಿದ್ಯುತ್ತು ನೆಲಕ್ಕೆ ಇಳಿಯುತ್ತದೆ. ಅರ್ಥ್ ಇಲ್ಲದಿದ್ದರೆ ಡಬ್ಬ ಎರಡರ ನಡುವೆ ತೂಗಾಡುತ್ತ 230 ವೋಲ್ಟಿನ ಅರ್ಧದಷ್ಟು, ಅಂದರೆ ಸುಮಾರು 115 ವೋಲ್ಟಿನಲ್ಲಿ ನಿಲ್ಲುತ್ತದೆ. ಸೋರಿಕೆ ಒಂದು ಮಿಲಿಆಂಪಿಯರಿಗಿಂತ ಕಡಿಮೆಯಾದ್ದರಿಂದ ಜೀವ ತೆಗೆಯುವುದಿಲ್ಲ. ಆದರೆ ಆ ಜುಮ್ಮೆನ್ನುವಿಕೆ ಒಂದು ಸುದ್ದಿಯನ್ನು ಹೇಳುತ್ತಿದೆ: ನಾಳೆ ಒಳಗಿನ ಫೇಸ್ ತಂತಿ ಕಳಚಿ ಡಬ್ಬಕ್ಕೆ ತಾಗಿದರೆ, ಆ ಪೂರ್ತಿ ವಿದ್ಯುತ್ತು ಇಳಿಯಲು ಮುಟ್ಟಿದವರ ಮೈ ಬಿಟ್ಟು ಬೇರೆ ದಾರಿ ಇಲ್ಲ.

ಶಾಲೆಗಳ ಕಂಪ್ಯೂಟರ್ ಕೊಠಡಿ ನೆನೆದರೆ ನನಗೆ ಹೆಚ್ಚು ಆತಂಕ. ದೂಳು ಬರಬಾರದೆಂದು ಮಕ್ಕಳು ಚಪ್ಪಲಿಯನ್ನು ಬಾಗಿಲ ಹೊರಗೇ ಬಿಟ್ಟು ಒಳಗೆ ಬರುತ್ತಾರೆ. ಬರಿಗಾಲು, ಸಿಮೆಂಟಿನ ನೆಲ, ಮಳೆಗಾಲವಾದರೆ ನೆಲದ ತೇವ ಬೇರೆ. ಅಂಥ ಕೊಠಡಿಗೆ ಹತ್ತು ಕಂಪ್ಯೂಟರ್ ದಾನ ಕೊಡುವವರು ಹನ್ನೊಂದನೆಯದರ ದುಡ್ಡಿನಲ್ಲಿ ಒಂದು ಅರ್ಥ್ ಗುಂಡಿಯನ್ನೂ 30 ಮಿಲಿಆಂಪಿಯರಿನ ಆರ್‌ಸಿಸಿಬಿಯನ್ನೂ ಹಾಕಿಸಿಕೊಟ್ಟರೆ ಅದೇ ದೊಡ್ಡ ದಾನ. ಫೇಸಿನಲ್ಲಿ ಹೋದಷ್ಟು ವಿದ್ಯುತ್ತು ನ್ಯೂಟ್ರಲಿನಲ್ಲಿ ವಾಪಸ್ ಬರದೆ ಬೇರೆಲ್ಲೋ ಸೋರುತ್ತಿದೆ ಎಂದು ತಿಳಿದ ಕೂಡಲೇ, ಕಣ್ಣು ರೆಪ್ಪೆ ಬಡಿಯುವುದರೊಳಗೆ ಸಂಪರ್ಕ ಕಡಿಯುವ ಸಾಧನ ಅದು.

ಈ ನೆಲದಲ್ಲಿ ಅರ್ಥಿಂಗ್ ಸುಲಭದ ಕೆಲಸವಲ್ಲ. ಸಿದ್ಧರಬೆಟ್ಟ, ಚನ್ನರಾಯನದುರ್ಗ, ಮಧುಗಿರಿಯ ಏಕಶಿಲಾ ಬೆಟ್ಟ ಎಲ್ಲವೂ ಬಂಡೆ. ಅದೇ ಬಂಡೆ ನಮ್ಮ ಮನೆಗಳ ಅಡಿಯಲ್ಲೂ ಹರಡಿಕೊಂಡಿದೆ. ಕಲ್ಲು ವಿದ್ಯುತ್ತನ್ನು ಹರಿಯಬಿಡುವುದಿಲ್ಲ, ಒಣಮಣ್ಣೂ ಅಷ್ಟೇ. ಮಣ್ಣಿನಲ್ಲಿ ತೇವ ಮತ್ತು ಲವಣ ಇದ್ದರೆ ಮಾತ್ರ ಅರ್ಥ್ ಹಿಡಿಯುತ್ತದೆ. ಅರ್ಥಿಂಗ್ ಕುರಿತ ಭಾರತೀಯ ಮಾನಕ ಐಎಸ್ 3043 ಹೇಳುವ ಪೈಪ್ ಎಲೆಕ್ಟ್ರೋಡು ಎರಡೂವರೆ ಮೀಟರ್ ಉದ್ದದ್ದು. ನಮ್ಮ ಹಲವು ಊರುಗಳಲ್ಲಿ ನಾಲ್ಕಡಿ ಅಗೆಯುವಷ್ಟರಲ್ಲಿ ಹಾರೆ ಕಲ್ಲಿಗೆ ಬಡಿಯುತ್ತದೆ. ಆಗ ಕೆಲಸದವರು ಪೈಪನ್ನು ಕತ್ತರಿಸಿ, ಉಳಿದದ್ದನ್ನು ನಿಲ್ಲಿಸಿ, ಮಣ್ಣು ಮುಚ್ಚಿ ಹೋಗುತ್ತಾರೆ. ಹಾಗೆ ಬಿಡಬೇಡಿ. ಒಂದು ಆಳದ ಗುಂಡಿ ಆಗದಿದ್ದರೆ ದೂರ ದೂರ ಎರಡು ಮೂರು ಗುಂಡಿ ತೆಗೆಸಿ, ಎಲ್ಲವನ್ನೂ ಜಿ.ಐ. ಪಟ್ಟಿಯಿಂದ ಕೂಡಿಸಿ. ಇದ್ದಿಲು, ಉಪ್ಪು ಪದರ ಪದರವಾಗಿ ತುಂಬಿಸಿ, ಮೇಲೆ ನೀರು ಹೊಯ್ಯಲು ಕೊಳವೆ ಬಿಡಿಸಿ. ಗೋಡೆಯಿಂದ ಒಂದೂವರೆ ಮೀಟರಾದರೂ ಆಚೆ, ಬಚ್ಚಲ ನೀರು ಹರಿದುಹೋಗುವ ಕಡೆ ಗುಂಡಿ ಇದ್ದರೆ ಬೇಸಿಗೆಯಲ್ಲೂ ತೇವ ಉಳಿಯುತ್ತದೆ. ಶಿವರಾತ್ರಿಯಿಂದ ಮುಂಗಾರು ಹಿಡಿಯುವವರೆಗೆ ವಾರಕ್ಕೆ ಎರಡು ಬಿಂದಿಗೆ ನೀರು ಹಾಕಿದರೆ ಸಾಕು.

ಇರುವ ಅರ್ಥಿಂಗನ್ನು ಪರೀಕ್ಷಿಸುವುದು ಹೇಗೆ? ಮಲ್ಟಿಮೀಟರಿನಲ್ಲಿ ಮೂರು ಅಳತೆ ನೋಡಬೇಕು. ಪ್ಲಗ್‌ಪಾಯಿಂಟಿಗೆ ಎದುರಾಗಿ ನಿಂತರೆ ಬಲಗಡೆಯ ತೂತು ಫೇಸ್, ಎಡಗಡೆಯದು ನ್ಯೂಟ್ರಲ್, ಮೇಲಿನ ದೊಡ್ಡದು ಅರ್ಥ್. ಫೇಸ್ ಮತ್ತು ನ್ಯೂಟ್ರಲ್ ನಡುವೆ ಎಷ್ಟು ತೋರಿಸುತ್ತದೋ ಫೇಸ್ ಮತ್ತು ಅರ್ಥ್ ನಡುವೆಯೂ ಹೆಚ್ಚುಕಡಿಮೆ ಅಷ್ಟೇ ಬರಬೇಕು. ನ್ಯೂಟ್ರಲ್ ಮತ್ತು ಅರ್ಥ್ ನಡುವೆ ಒಂದೆರಡು ವೋಲ್ಟ್ ಇದ್ದರೆ ಚಿಂತೆಯಿಲ್ಲ, ಹತ್ತಿಪ್ಪತ್ತು ಬಂದರೆ ಅರ್ಥ್ ಸಡಿಲವಿದೆ ಎಂದೇ ಅರ್ಥ. ಮನೆಯ ಫ್ಯಾನು, ಫ್ರಿಜ್ ಎಲ್ಲ ಓಡುತ್ತಿರುವಾಗಲೂ ಪಕ್ಕಾ ಸೊನ್ನೆ ಬಂದರೆ ಅನುಮಾನ ಪಡಬೇಕು. ಗುಂಡಿಯ ಖರ್ಚು ಉಳಿಸಲು ಪ್ಲಗ್ಗಿನೊಳಗೇ ನ್ಯೂಟ್ರಲ್ಲಿನಿಂದ ಅರ್ಥಿಗೆ ತುಂಡು ತಂತಿ ಹಾಕಿರುವ ಮನೆಗಳಿವೆ. ಇದು ಅರ್ಥಿಂಗ್ ಇಲ್ಲದಿರುವುದಕ್ಕಿಂತಲೂ ಅಪಾಯಕಾರಿ. ನ್ಯೂಟ್ರಲ್ ಎಲ್ಲಾದರೂ ಕಡಿದರೆ ಕಂಪ್ಯೂಟರಿನ ಡಬ್ಬ, ಫ್ರಿಜ್ಜಿನ ಬಾಗಿಲು, ಗ್ರೈಂಡರಿನ ಮೈ ಎಲ್ಲಕ್ಕೂ ಒಮ್ಮೆಗೇ 230 ವೋಲ್ಟ್ ಏರುತ್ತದೆ.

ಮಲ್ಟಿಮೀಟರಿನ ಮಾತೇ ಕೊನೆಯಲ್ಲ. ಅದಕ್ಕೆ ಬೇಕಾದ ವಿದ್ಯುತ್ತು ಅತ್ಯಲ್ಪವಾದ್ದರಿಂದ ಅರೆಬರೆ ಅರ್ಥ್ ಇದ್ದರೂ 230 ಎಂದೇ ತೋರಿಸಿಬಿಡಬಹುದು. ಹಳೆಯ ಎಲೆಕ್ಟ್ರಿಷಿಯನ್ನರು 100 ವ್ಯಾಟಿನ ತಂತಿ ಬಲ್ಬನ್ನು ಫೇಸಿಗೂ ಅರ್ಥಿಗೂ ಹಿಡಿದು ಉರಿಸಿ ನೋಡುತ್ತಾರೆ. ಬಲ್ಬು ಮಂಕಾದರೆ ಗುಂಡಿ ಒಣಗಿದೆ. ಇದು ಬಲ್ಲವರೇ ಮಾಡಬೇಕಾದ ಪರೀಕ್ಷೆ, ಮನೆಯವರು ಕೈ ಹಾಕಬಾರದು.

ಇನ್ನು ವೋಲ್ಟೇಜಿನ ಕಥೆ. ಕೊಳವೆಬಾವಿಯನ್ನೇ ನಂಬಿದ ತಾಲ್ಲೂಕುಗಳಿವು. ಪಂಪ್‌ಸೆಟ್ಟಿಗೆ ದಿನಕ್ಕೆ 7 ಗಂಟೆ ತ್ರೀ ಫೇಸ್ ಕೊಡುವುದಾಗಿ ಸರ್ಕಾರ ಹೇಳುತ್ತದೆ. ತ್ರೀ ಫೇಸ್ ಬಂದ ಗಳಿಗೆಗೆ ಆಟೊ ಸ್ಟಾರ್ಟರ್ ಹಾಕಿರುವ ಮೋಟಾರುಗಳೆಲ್ಲ ಒಟ್ಟಿಗೇ ಏಳುತ್ತವೆ. ಓಡುವಾಗ ಎಳೆಯುವುದಕ್ಕಿಂತ ಹಲವು ಪಟ್ಟು ಹೆಚ್ಚು ವಿದ್ಯುತ್ತನ್ನು ಮೋಟಾರು ಏಳುವಾಗ ಎಳೆಯುವುದರಿಂದ, ಅದೇ ಸಾಲಿನ ತೋಟದ ಮನೆಯಲ್ಲಿ ದೀಪ ಕುಗ್ಗುತ್ತದೆ. ಟಿ.ಸಿ.ಯಿಂದ ದೂರವಿದ್ದಷ್ಟೂ, ತಂತಿ ಸಣ್ಣದಿದ್ದಷ್ಟೂ ಕುಗ್ಗುವುದು ಹೆಚ್ಚು. ಸಾಲಿನ ಕೊನೆಯ ಮನೆಯಲ್ಲಿ 180, 170ಕ್ಕೆ ಇಳಿಯುವುದುಂಟು. ತ್ರೀ ಫೇಸ್ ಹೋಗಿ ಮೋಟಾರುಗಳೆಲ್ಲ ನಿಂತಾಗ ಅದೇ ಮನೆಯಲ್ಲಿ ವೋಲ್ಟೇಜ್ ಸರ್ರನೆ ಮೇಲೇರುತ್ತದೆ. ಊರಿನ ಮನೆಗಳ ಸಾಲನ್ನು ಪಂಪ್‌ಸೆಟ್ ಸಾಲಿನಿಂದ ಬೇರೆ ಮಾಡಿದ ನಿರಂತರ ಜ್ಯೋತಿ ಯೋಜನೆಯಿಂದ ಊರೊಳಗೆ ಈ ತೊಂದರೆ ತಗ್ಗಿದೆ, ತೋಟದ ಮನೆಗಳಿಗೆ ಆ ಅನುಕೂಲ ಅಷ್ಟಾಗಿ ಮುಟ್ಟಿಲ್ಲ.

‘ಪಾವಗಡದಲ್ಲಿ ಅಷ್ಟು ದೊಡ್ಡ ಸೋಲಾರ್ ಇದೆಯಲ್ಲ, ನಮಗೇಕೆ ಡಿಮ್ ಕರೆಂಟು?’ ಎಂದು ಕೇಳುವವರಿದ್ದಾರೆ. ತಿರುಮಣಿ, ವಳ್ಳೂರು ಸುತ್ತಿನ ಐದು ಹಳ್ಳಿಗಳ ಸುಮಾರು 13,000 ಎಕರೆಯಲ್ಲಿ ಹರಡಿರುವ ಆ ಪಾರ್ಕಿನ ಸಾಮರ್ಥ್ಯ 2,050 ಮೆಗಾವ್ಯಾಟ್. 2018ರ ಮಾರ್ಚಿನಲ್ಲಿ ಅದರ ಉದ್ಘಾಟನೆಯಾಯಿತು. ನ್ಯಾಯವಾದ ಪ್ರಶ್ನೆಯೇ. ಆದರೆ ಅಲ್ಲಿನ ವಿದ್ಯುತ್ತು ಭಾರಿ ವೋಲ್ಟೇಜಿನ ಗೋಪುರಗಳ ಮೇಲೆ ರಾಜ್ಯದ ಜಾಲಕ್ಕೆ ಸೇರುತ್ತದೆ. ನಮ್ಮ ಮನೆಯ ವೋಲ್ಟೇಜನ್ನು ತೀರ್ಮಾನಿಸುವುದು ಟಿ.ಸಿ.ಯ ಸಾಮರ್ಥ್ಯ ಮತ್ತು ಅಲ್ಲಿಂದ ಮನೆಗೆ ಬರುವ ಕೊನೆಯ ತಂತಿ. ಹಾಗಾಗಿ ಊರಿನವರು ಸೇರಿ ಕೇಳಬೇಕಾದದ್ದು ಹೆಚ್ಚುವರಿ ಟಿ.ಸಿ.ಯನ್ನು. ಬೆಸ್ಕಾಂನ 1912ಕ್ಕೆ ದೂರು ಕೊಟ್ಟು ದೂರಿನ ಸಂಖ್ಯೆ ಬರೆದಿಟ್ಟುಕೊಳ್ಳಿ.

ಲೋ ವೋಲ್ಟೇಜಿಗೆ ಹೆದರಿ ಎಲ್ಲದಕ್ಕೂ ಸ್ಟೆಬಿಲೈಸರ್ ಕೊಳ್ಳುವುದು ದುಡ್ಡು ದಂಡ. ಲ್ಯಾಪ್‌ಟಾಪ್ ಅಡಾಪ್ಟರಿನ ಬೆನ್ನಿನ ಸಣ್ಣ ಅಕ್ಷರ ಓದಿ: ಇನ್‌ಪುಟ್ 100–240 ವೋಲ್ಟ್ ಎಂದಿರುತ್ತದೆ. ಮೊಬೈಲ್ ಚಾರ್ಜರ್, ಬಹುತೇಕ ಎಲ್‌ಇಡಿ ಟಿವಿಗಳೂ ಹೀಗೆಯೇ. ವೋಲ್ಟೇಜ್ 170ಕ್ಕೆ ಇಳಿದರೂ ಅವು ತಮ್ಮ ಪಾಡಿಗೆ ಕೆಲಸ ಮಾಡುತ್ತವೆ. ಅಗ್ಗದ ಡೆಸ್ಕ್‌ಟಾಪ್ ಎಸ್‌ಎಂಪಿಎಸ್‌ಗಳ ಮೇಲೆ ಬರೀ 230 ಎಂದಿರಬಹುದು, ಅವು ತಾಳುವುದಿಲ್ಲ. ಫ್ರಿಜ್ಜಿನ ಕಂಪ್ರೆಸರ್ ಮೋಟಾರು, ಅದು ಕಡಿಮೆ ವೋಲ್ಟೇಜಿನಲ್ಲಿ ತಿರುಗಲಾರದೆ ಬಿಸಿಯಾಗಿ ಸುಡುತ್ತದೆ. ಹಾಗಾಗಿ ಸ್ಟೆಬಿಲೈಸರ್ ಬೇಕಾದದ್ದು ಫ್ರಿಜ್ಜಿಗೆ. ಹೊಸ ಫ್ರಿಜ್ಜುಗಳಲ್ಲಿ ಎಷ್ಟರಿಂದ ಎಷ್ಟು ವೋಲ್ಟಿನವರೆಗೆ ಸ್ಟೆಬಿಲೈಸರ್ ಬೇಡ ಎಂಬುದನ್ನು ಬರೆದೇ ಇರುತ್ತಾರೆ. ನಿಮ್ಮ ಮನೆಯ ವೋಲ್ಟೇಜನ್ನು ಸಂಜೆ ಏಳಕ್ಕೊಮ್ಮೆ, ತ್ರೀ ಫೇಸ್ ಬಂದಾಗೊಮ್ಮೆ ಅಳೆದುಕೊಂಡು ಅಂಗಡಿಗೆ ಹೋಗಿ.

ಅಡಾಪ್ಟರುಗಳಿಗೆ ನಿಜವಾದ ಶತ್ರು ಹೆಚ್ಚು ವೋಲ್ಟೇಜ್. ಟಿ.ಸಿ.ಯಲ್ಲೋ ಕಂಬದಲ್ಲೋ ನ್ಯೂಟ್ರಲ್ ಕಟ್ ಆದರೆ, ಬೇರೆ ಬೇರೆ ಫೇಸಿನ ಮನೆಗಳು ಒಂದರ ಹಿಂದೊಂದು ಜೋಡಿಸಿದಂತಾಗಿ, 400 ವೋಲ್ಟನ್ನು ತಮ್ಮ ತಮ್ಮ ಬಳಕೆಗೆ ತಕ್ಕಂತೆ ಹಂಚಿಕೊಳ್ಳುತ್ತವೆ. ಕಡಿಮೆ ಬಳಸುತ್ತಿದ್ದ ಮನೆಗೆ ಹೆಚ್ಚು ವೋಲ್ಟೇಜ್ ಬರುತ್ತದೆ. ಬೀದಿಯ ಒಂದು ಕಡೆ ದೀಪ ಮಂಕಾಗಿ, ಇನ್ನೊಂದು ಕಡೆ ಟಿವಿ, ಸೆಟ್‌ಟಾಪ್ ಬಾಕ್ಸ್ ಸುಟ್ಟುಹೋಗುವುದು ಇದರಿಂದ. ದೀಪ ಇದ್ದಕ್ಕಿದ್ದಂತೆ ಕಣ್ಣು ಕುಕ್ಕುವಷ್ಟು ಬೆಳಗಿದರೆ, ಫ್ಯಾನು ಎಂದಿಗಿಂತ ಜೋರಾಗಿ ತಿರುಗಿದರೆ ಯೋಚಿಸುತ್ತ ನಿಲ್ಲಬೇಡಿ, ಮೇನ್ ಸ್ವಿಚ್ ಇಳಿಸಿ. ವೋಲ್ಟೇಜ್ ಮಿತಿ ಮೀರಿದಾಗ ತಾನೇ ಕಡಿದು, ಸರಿಹೋದ ಮೇಲೆ ತಾನೇ ಸೇರಿಸುವ ಪ್ರೊಟೆಕ್ಟರುಗಳು ಮೀಟರ್ ಬೋರ್ಡಿಗೆ ಹಾಕಿಸಲು ಸಿಗುತ್ತವೆ. ಇಡೀ ಮನೆಗೆ ಒಂದು ಸಾಕು. ಲ್ಯಾಪ್‌ಟಾಪಿಗೆ ಎರಡು ಸಾವಿರ ಹೆಚ್ಚು ಕೊಟ್ಟು ಮೇಲಿನ ಮಾಡೆಲ್ ಕೊಳ್ಳುವುದಕ್ಕಿಂತ ಈ ಖರ್ಚು ನನ್ನ ಮಟ್ಟಿಗೆ ಮೇಲು.

ಅಶ್ವಿನಿ, ಭರಣಿ ಮಳೆಗಳ ಗುಡುಗು ಸಿಡಿಲಿಗೆ ಪ್ರೊಟೆಕ್ಟರೂ ಸಾಲದು. ಸ್ವಿಚ್ ಆರಿಸಿದರೆ ಸಾಕೆಂದುಕೊಳ್ಳಬೇಡಿ, ಪ್ಲಗ್ಗನ್ನೇ ಕೀಳಬೇಕು. ಡಿಶ್ಶಿನಿಂದ ಬರುವ ಕೇಬಲ್ಲನ್ನೂ ಕೀಳಬೇಕು, ಬಹಳ ಜನ ಮರೆಯುವುದು ಇದನ್ನೇ. ಫೈಬರ್ ಇಂಟರ್‌ನೆಟ್ಟಿನ ಎಳೆ ಗಾಜಿನದು, ಅದು ಸಿಡಿಲನ್ನು ಒಯ್ಯುವುದಿಲ್ಲ. ರೌಟರಿನ ಅಡಾಪ್ಟರು, ಅಲ್ಲಿಂದ ಕಂಪ್ಯೂಟರಿಗೆ ಹೋಗುವ ತಾಮ್ರದ ತಂತಿ ಒಯ್ಯುತ್ತವೆ.

ಕರೆಂಟ್ ಹೋದಾಗ? ಗ್ರಾಮ ಒನ್ ಕೇಂದ್ರ ನಡೆಸುವವರಿಗೆ, ಜೆರಾಕ್ಸ್ ಅಂಗಡಿಯವರಿಗೆ ಇದು ಹೊಟ್ಟೆಪಾಡಿನ ಪ್ರಶ್ನೆ. ಸಾಮಾನ್ಯವಾದ 600 ವಿಎ ಯುಪಿಎಸ್ ಒಳಗಿರುವುದು 12 ವೋಲ್ಟ್, 7 ಆಂಪಿಯರ್ ಅವರ್ ಬ್ಯಾಟರಿ. ಗುಣಿಸಿದರೆ 84 ವ್ಯಾಟ್ ಅವರ್. ಅಷ್ಟೂ ಕೈಗೆ ಸಿಗುವುದಿಲ್ಲ, ಡೆಸ್ಕ್‌ಟಾಪಿಗೆ ಕಾಲು ಗಂಟೆ ದಾಟಿದರೆ ಹೆಚ್ಚು. ಅದು ಕೆಲಸ ಉಳಿಸಿ ಮುಚ್ಚಲು ಕೊಟ್ಟ ಸಮಯ, ಕೆಲಸ ಮುಂದುವರಿಸಲು ಕೊಟ್ಟದ್ದಲ್ಲ. ಲೇಸರ್ ಪ್ರಿಂಟರನ್ನು ಯುಪಿಎಸ್‌ಗೆ ಎಂದೂ ಸೇರಿಸಬೇಡಿ, ಅದರ ಬಿಸಿ ಉರುಳೆ ಒಂದೇ ಏಟಿಗೆ ಯುಪಿಎಸ್ಸನ್ನು ಮಲಗಿಸುತ್ತದೆ. ಇನ್‌ವರ್ಟರ್ ಇದ್ದರೆ ಹಿಂದಿರುವ ಚಿಕ್ಕ ಸ್ವಿಚ್ ಗಮನಿಸಿ. ಯುಪಿಎಸ್ ಮೋಡಿನಲ್ಲಿ ಅದು ಸುಮಾರು 180 ವೋಲ್ಟಿನ ಕೆಳಗೆ ಹೋದ ಕೂಡಲೇ ಬ್ಯಾಟರಿಗೆ ಜಿಗಿಯುತ್ತದೆ. ಡಿಮ್ ಕರೆಂಟಿನ ಊರಿನಲ್ಲಿ ಹೀಗೆ ಕರೆಂಟ್ ಇದ್ದೂ ಬ್ಯಾಟರಿ ಖಾಲಿಯಾಗುತ್ತದೆ. ಲ್ಯಾಪ್‌ಟಾಪ್ ಮಾತ್ರ ಇರುವ ಮನೆಯವರು ನಾರ್ಮಲ್ ಮೋಡಿಗೆ ಹಾಕಿಕೊಳ್ಳಬಹುದು, ಬದಲಾಗುವಾಗಿನ ಅರೆಗಳಿಗೆಯನ್ನು ಲ್ಯಾಪ್‌ಟಾಪ್ ತನ್ನ ಬ್ಯಾಟರಿಯಲ್ಲೇ ಕಳೆಯುತ್ತದೆ.

ಇನ್‌ವರ್ಟರ್ ಬ್ಯಾಟರಿಗೆ ಬೋರ್ ನೀರು ಬೇಡವೇ ಬೇಡ. ಅದರ ಸುಣ್ಣ, ಕಬ್ಬಿಣ, ಕ್ಲೋರೈಡ್ ಸೀಸದ ತಟ್ಟೆಗಳನ್ನು ತಿನ್ನುತ್ತವೆ. ಆರ್‌ಒ ನೀರು ಹಾಕುವವರಿದ್ದಾರೆ, ಅದರಲ್ಲೂ ಲವಣ ಉಳಿದಿರುತ್ತದೆ. ಡಿಸ್ಟಿಲ್ಡ್ ವಾಟರೇ ಬೇಕು. ಶಾಖವೂ ಅಷ್ಟೇ ಕೆಟ್ಟದ್ದು: 25 ಡಿಗ್ರಿಗಿಂತ ಪ್ರತಿ 10 ಡಿಗ್ರಿ ಹೆಚ್ಚಿದರೆ ಬ್ಯಾಟರಿಯ ಆಯಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆ. ಶೀಟ್ ಮನೆಯ ಅಟ್ಟದ ಮೇಲಿಟ್ಟ ಬ್ಯಾಟರಿ ಎರಡೇ ಬೇಸಿಗೆಗೆ ಸೋಲುವುದು ಅದಕ್ಕೇ. ನೆಲದ ಮೇಲೆ, ಗಾಳಿಯಾಡುವ ಕಡೆ ಇಡಿ.

      

ಈಗ ಯಾವುದು ಕೊಳ್ಳುವುದು ಎಂಬ ಮೊದಲ ಪ್ರಶ್ನೆ. ನಮ್ಮ ಕಡೆಗೆ ಲ್ಯಾಪ್‌ಟಾಪೇ ಸರಿ ಎಂಬುದು ನನ್ನ ತೀರ್ಮಾನ. ಡಿಮ್ ಕರೆಂಟ್ ತಾಳುತ್ತದೆ, ಯುಪಿಎಸ್ ಬೇಡ, ಯೂನಿಟ್ಟೂ ಉಳಿಯುತ್ತದೆ. ಮಾನಿಟರ್ ಸೇರಿ 100 ವ್ಯಾಟ್ ತಿನ್ನುವ ಡೆಸ್ಕ್‌ಟಾಪ್ ದಿನಕ್ಕೆ 6 ಗಂಟೆ ಓಡಿದರೆ ತಿಂಗಳಿಗೆ 18 ಯೂನಿಟ್, 30 ವ್ಯಾಟಿನ ಲ್ಯಾಪ್‌ಟಾಪಾದರೆ ಐದೂವರೆ. 2023ರ ಜುಲೈನಿಂದ ಜಾರಿಗೆ ಬಂದ ಉಚಿತ ವಿದ್ಯುತ್ತಿನ ಗೃಹಜ್ಯೋತಿಯಲ್ಲಿ ನಿಮಗೆ ಸಿಕ್ಕಿರುವುದು ನೇರ 200 ಯೂನಿಟ್ ಅಲ್ಲ, 2022–23ರ ನಿಮ್ಮ ಸರಾಸರಿಯ ಮೇಲೆ ಶೇ 10; ಸರಾಸರಿ 48 ಯೂನಿಟ್ಟಿಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇ 10ರ ಬದಲು 10 ಯೂನಿಟ್. ಅಂದು 40 ಯೂನಿಟ್ ಸುಡುತ್ತಿದ್ದ ಮನೆಗೆ 18 ಯೂನಿಟ್ ಎಂದರೆ ಬಿಲ್ ಬರುವ ವ್ಯತ್ಯಾಸ.

ದುಡ್ಡು ಸಾಲದವರು ಬೆಂಗಳೂರಿನ ಎಸ್.ಪಿ. ರಸ್ತೆಗೆ ಹೋಗಿ ಕಂಪನಿಗಳು ಬಳಸಿ ಬಿಟ್ಟ ಲ್ಯಾಪ್‌ಟಾಪ್ ತರುತ್ತಾರೆ. ತಪ್ಪೇನಿಲ್ಲ, ಗಟ್ಟಿ ಯಂತ್ರಗಳೇ ಅವು. ಆದರೆ ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ವಿಂಡೋಸ್ 11ಕ್ಕೆ ಇಂಟೆಲ್ಲಾದರೆ 8ನೇ ತಲೆಮಾರು ಅಥವಾ ಆಮೇಲಿನ ಪ್ರೊಸೆಸರ್ ಬೇಕು. 6ನೇ, 7ನೇ ತಲೆಮಾರಿನವನ್ನು ಅಗ್ಗವಾಗಿ ಕೊಟ್ಟರೆ ಕಾರಣ ಇದೇ. ಹಾರ್ಡ್ ಡಿಸ್ಕ್ ಬದಲು ಎಸ್‌ಎಸ್‌ಡಿ, 8 ಜಿಬಿ ರ್‍ಯಾಮ್ ಇರಲಿ. ಮನೆಯಲ್ಲೇ ನಿಧಾನವಾದ ಹಳೆಯ ಯಂತ್ರವಿದ್ದರೆ ಹೊಸದು ಕೊಳ್ಳುವ ಮುನ್ನ ಎಸ್‌ಎಸ್‌ಡಿ ಹಾಕಿಸಿ ನೋಡಿ. ಅಂಗಡಿಯಲ್ಲೇ ಬ್ಯಾಟರಿಯಲ್ಲಿ ಅರ್ಧ ಗಂಟೆ ಓಡಿಸಿ, ಒಂದೊಂದು ಕೀಲಿಯನ್ನೂ ಒತ್ತಿ. ಹಳೆಯ ಡೆಸ್ಕ್‌ಟಾಪ್ ತಂದರೆ ಹಿಂದೆ ಕೆಂಪು ಸ್ವಿಚ್ ಇದೆಯೇ ನೋಡಿ, ಅದು 115ರಲ್ಲಿದ್ದರೆ ಪ್ಲಗ್ ಹಾಕಿದೊಡನೆ ಢಮಾರ್.

ಜಾತ್ರೆಯಲ್ಲಿ, ಬಸ್ ನಿಲ್ದಾಣದಲ್ಲಿ ಕೊಳ್ಳುವ ಚಾರ್ಜರ್, ಪವರ್‌ಬ್ಯಾಂಕ್ ಮೇಲೆ ಬಿಐಎಸ್ ಗುರುತು, ಅದರ ಕೆಳಗೆ ಆರ್ ಅಕ್ಷರದ ಮುಂದೆ 8 ಅಂಕಿ ಇರಬೇಕು. ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ತಯಾರಕರ ಹೆಸರು ಬರುತ್ತದೆ. ಬರದಿದ್ದರೆ ಅದನ್ನು ಮಗುವಿನ ತಲೆದಿಂಬಿನ ಪಕ್ಕ ಚುಚ್ಚಬೇಡಿ. ಬಿಲ್ ಕೇಳಿ ಪಡೆಯಿರಿ, ಫೋಟೊ ತೆಗೆದಿಡಿ. ವಾರಂಟಿಯಲ್ಲಿ ಸತಾಯಿಸಿದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915 ಕನ್ನಡದಲ್ಲೂ ಕೇಳಿಸಿಕೊಳ್ಳುತ್ತದೆ. ಅಲ್ಲೂ ಆಗದಿದ್ದರೆ ತುಮಕೂರಿನಲ್ಲಿ ಜಿಲ್ಲಾ ಗ್ರಾಹಕ ಆಯೋಗವಿದೆ. 5 ಲಕ್ಷ ರೂಪಾಯಿವರೆಗಿನ ಖರೀದಿಗೆ ದೂರಿನ ಶುಲ್ಕವಿಲ್ಲ, ವಕೀಲರೂ ಕಡ್ಡಾಯವಲ್ಲ.

ಕೊನೆಗೆ ಸತ್ತ ಬ್ಯಾಟರಿ. ಸೀಸಕ್ಕಾಗಿ ಅದನ್ನು ಬಯಲಲ್ಲಿ ಒಡೆದು ಆಸಿಡ್ ಚೆಲ್ಲುವವರ ಕೈಗೆ ಕೊಡಬೇಡಿ. ಆ ಸೀಸ ಮಣ್ಣಿಗಿಳಿದರೆ ತೆಗೆಯುವ ದಾರಿಯಿಲ್ಲ, ನಮ್ಮಲ್ಲಿ ಉಳಿದಿರುವುದೇ ಸ್ವಲ್ಪ ನೀರು. ಹಳೆಯ ಬ್ಯಾಟರಿಯನ್ನು ವಾಪಸ್ ಪಡೆದು ಸರಿಯಾಗಿ ಮರುಬಳಕೆ ಮಾಡಿಸುವ ಹೊಣೆಯನ್ನು 2022ರ ಬ್ಯಾಟರಿ ತ್ಯಾಜ್ಯ ನಿರ್ವಹಣಾ ನಿಯಮಗಳು ತಯಾರಕರ ಮೇಲೆ ಹೊರಿಸಿವೆ. ಹೊಸದು ಕೊಳ್ಳುವ ಅಂಗಡಿಯಲ್ಲೇ ಹಳೆಯದನ್ನು ತೂಗಿಸಿ ಕೊಡಿ, ಅದರ ಬೆಲೆಯನ್ನು ಬಿಲ್ಲಿನಲ್ಲಿ ಕಳೆಯುತ್ತಾರೆ. ಉಬ್ಬಿದ ಮೊಬೈಲ್ ಬ್ಯಾಟರಿಯನ್ನು ಚುಚ್ಚಬೇಡಿ, ಒಲೆಗೆ ಹಾಕಬೇಡಿ. ಚಾರ್ಜ್ ಮಾಡುವುದನ್ನು ನಿಲ್ಲಿಸಿ, ಒಣ ಮರಳು ತುಂಬಿದ ಡಬ್ಬದಲ್ಲಿಟ್ಟು ಸರ್ವಿಸ್ ಸೆಂಟರಿಗೆ ಒಯ್ಯಿರಿ.